ಬಾಣಂತನದ ಪಾಸ್‌ಪೋರ್ಟಿಗೆ ಇನ್ನೊಂದು ಮುದ್ರೆ

ನಮ್ಮ ಮುಂಬಯಿ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಮೆಂತ್ಯ ಸೊಪ್ಪು ಬಿಡಿಸುವ ಹೊತ್ತೆಂದರೆ ಘಾಟ್‌ಕೋಪರ್‌ನಿಂದ ಡೊಂಬಿವಲಿಯವರೆಗೆ. ಸಿಎಸ್‌ಟಿಯಲ್ಲಿ ಸೀಟು ಹಿಡಿದವರು ದಾದರ್ ದಾಟುವ ತನಕ ಕಣ್ಣು ಮುಚ್ಚಿ ದಿನದ ದಣಿವು ಇಳಿಸಿಕೊಳ್ಳುತ್ತಾರೆ. ಆಮೇಲೆ ಒಬ್ಬೊಬ್ಬರ ಚೀಲದಿಂದ ಸೊಪ್ಪಿನ ಕಟ್ಟು, ಬಟಾಣಿ, ಹಳೆಯ ಪೇಪರು ಹೊರಬರುತ್ತವೆ. ಯಾರ ಸೊಪ್ಪು ಯಾರ ಮಡಿಲಲ್ಲಿದೆ ಎಂಬ ಲೆಕ್ಕ ಯಾರೂ ಇಡುವುದಿಲ್ಲ. ಮೂವತ್ತು ವರ್ಷ ನಾನು ಹೀಗೆ ಓಡಾಡಿದವಳು. ನನ್ನ ಆಪ್ತ ಗೆಳತಿಯರೆಲ್ಲ ಆ ಡಬ್ಬದಲ್ಲೇ ಸಿಕ್ಕವರು.

ಒಂದು ಸಂಜೆ ಕಲ್ಯಾಣದ ಗೆಳತಿ ಬ್ಯಾಂಕಿಗೆ ಜೆರಾಕ್ಸ್ ಮಾಡಿಸಲೆಂದು ತಂದಿದ್ದ ಪಾಸ್‌ಪೋರ್ಟನ್ನು ಚೀಲದಿಂದ ತೆಗೆದಳು. ಕೈಯಿಂದ ಕೈಗೆ ದಾಟಿ ಅದು ನನ್ನ ಬಳಿ ಬಂತು. ಪುಟ ತಿರುವಿದೆ. ಇಡೀ ಪುಸ್ತಕದಲ್ಲಿ ಪರದೇಶದ ಮುದ್ರೆ ಇದ್ದದ್ದು ಒಂದೇ, ಅಮೆರಿಕದ್ದು. ಮಗಳ ಬಾಣಂತನಕ್ಕೆ ಹೋಗಿದ್ದಳು. "ಆರು ತಿಂಗಳಿದ್ದೆ. ಅಡುಗೆಮನೆ ಕಿಟಕಿಯಿಂದ ಒಂದು ಮರ ಕಾಣಿಸುತ್ತಿತ್ತು. ನಾನು ನೋಡಿದ ಅಮೆರಿಕ ಅಷ್ಟೇ" ಎಂದಳು. ದೂರುವ ದನಿಯಲ್ಲಿ ಹೇಳಿದ್ದಲ್ಲ. ಮೊಮ್ಮಗುವಿಗೆ ಎಣ್ಣೆ ನೀರು ಹಾಕಿ ಬಂದ ತೃಪ್ತಿ ಅವಳ ಮುಖದಲ್ಲಿತ್ತು. ಆದರೂ ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ನಮ್ಮ ಗುಂಪಿನ ನಾಲ್ವರಲ್ಲಿ ಮೂವರ ಪಾಸ್‌ಪೋರ್ಟ್ ಹುಟ್ಟಿದ್ದೇ ಬಾಣಂತನಕ್ಕಾಗಿ. ಮಕ್ಕಳೇ ಅರ್ಜಿ ತುಂಬಿದರು, ಮಕ್ಕಳೇ ಟಿಕೆಟ್ ಕಳಿಸಿದರು, ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ಬರೆಸಿದರು. ಅವರು ಮಾಡಿದ್ದು ಪ್ರೀತಿಯಿಂದಲೇ. ಅಷ್ಟಾದರೂ ಸ್ವಂತ ಮನಸ್ಸಿನಿಂದ, ಸ್ವಂತ ಲೆಕ್ಕದಲ್ಲಿ ಒಂದು ದೇಶಕ್ಕೆ ಹೋಗಿಬಂದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

2024ರ ಮಾರ್ಚ್‌ನಲ್ಲಿ ನಾವು ನಾಲ್ವರು ವಿಯೆಟ್ನಾಮಿಗೆ ಹೋಗಿಬಂದೆವು. ಕಲ್ಯಾಣದವಳು, ಥಾಣೆಯವಳು, ವಾಶಿಗೆ ಮನೆ ಬದಲಿಸಿದ್ದವಳು, ಡೊಂಬಿವಲಿಯ ನಾನು. ಟೂರ್ ಕಂಪನಿಯಿಲ್ಲ, ಜೊತೆಗೆ ಮಕ್ಕಳಿಲ್ಲ. ಅಂದಿನಿಂದ ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಅಷ್ಟು ಧೈರ್ಯ ಎಲ್ಲಿಂದ ಬಂತು?" ಅದಕ್ಕೆ ಉತ್ತರವಾಗಿ ಈ ಬರಹ. ಧೈರ್ಯ ಎಲ್ಲಿಂದಲೂ ಬರಲಿಲ್ಲ. ಮನೆಯಲ್ಲಿ ಕೂತು ಎರಡು ತಿಂಗಳು ಮಾಡಿದ ಕೆಲಸವೇ ಆಮೇಲೆ ಧೈರ್ಯವಾಯಿತು. ಆ ಕೆಲಸ ಯಾರಿಗಾದರೂ ಬರುವಂಥದ್ದು. ಬೆಳಗಿನ ಲೋಕಲ್ ಹಿಡಿಯಲು ನಿಮಿಷ ನಿಮಿಷ ಲೆಕ್ಕ ಹಾಕಿ ಮನೆ, ಕಚೇರಿ ಎರಡನ್ನೂ ನಡೆಸಿದ ಹೆಂಗಸರಿಗಂತೂ ಅರ್ಧ ಆಗಲೇ ಬಂದಿರುತ್ತದೆ.

ಗುಂಪು ಪ್ರವಾಸದ ಬಗ್ಗೆ ನನಗೆ ಅಗೌರವವಿಲ್ಲ. ಮಂಡಿನೋವಿನವರಿಗೆ, ಭಾಷೆಯ ಅಂಜಿಕೆ ಇರುವವರಿಗೆ ಅದು ದೊಡ್ಡ ಆಸರೆ. ಆದರೆ ಅಲ್ಲಿ ಒಂದು ಸರೋವರದ ದಂಡೆಯಲ್ಲಿ ಇನ್ನೂ ಅರ್ಧ ಗಂಟೆ ಕೂರಬೇಕೆನಿಸಿದರೆ ಕೂರಲಾಗುವುದಿಲ್ಲ. ಜೀವಮಾನವೆಲ್ಲ ಬೇರೆಯವರ ಗಡಿಯಾರಕ್ಕೆ ಓಡಿದವರಿಗೆ ಆ ಅರ್ಧ ಗಂಟೆಯ ಬೆಲೆ ಗೊತ್ತು.

ಮೊದಲು ಹೆಸರಿನ ಸಾಲು ನೋಡಿ

ಕನ್ನಡಿಗರ ವಿದೇಶ ಪ್ರವಾಸದಲ್ಲಿ ಮೊದಲ ತೊಡಕು ಬರುವುದು ಹೆಸರಿನಿಂದ. ನಾನು ತಿಪಟೂರಿನ ಕಡೆಯವಳು. ನಮ್ಮಲ್ಲಿ ಹೆಸರಿನ ಹಿಂದೆ ಊರಿನ ಅಕ್ಷರ, ಅಪ್ಪನ ಅಕ್ಷರ ಇರುತ್ತವೆ, ಸರ್‌ನೇಮ್ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗೆ ಜಾಗವಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸದೆ ಅರ್ಜಿ ಹಾಕಿದ ನನ್ನಂಥವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಸಾಲು ಖಾಲಿ, ಕೆಳಗಿನ ಸಾಲಿನಲ್ಲಿ ಒಂದೇ ಒಂದು ಹೆಸರು. ಇಷ್ಟರಿಂದ ಏನಾಗುತ್ತದೆ ಎನ್ನುವವರಿಗೆ ಒಂದು ಉದಾಹರಣೆ: 2022ರ ನವೆಂಬರ್‌ನಲ್ಲಿ ಯುಎಇ ಸರ್ಕಾರ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲವೆಂದಿತು. ಆಮೇಲೆ, ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಎಂದು ಸಡಿಲಿಸಿತು. ಅಮೆರಿಕದ ವೀಸಾದಲ್ಲಾದರೆ ಇಂಥವರ ಹೆಸರಿನ ಜಾಗದಲ್ಲಿ 'ಮೊದಲ ಹೆಸರು ತಿಳಿದಿಲ್ಲ' ಎಂಬರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಬಂದು ಕೂರುತ್ತದೆ.

ತುಳುನಾಡಿನ ಗೆಳತಿಯರಿಗೆ ಇನ್ನೊಂದು ಬಗೆಯ ತೊಡಕು. ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಬರುತ್ತದೆ. ಹಾಗಾಗಿ ಅಪ್ಪ ಪೂಜಾರಿ, ಮಗ ಬಂಗೇರ ಆಗಿರುವುದು ಅಲ್ಲಿ ಸಹಜ. ಮಹಾರಾಷ್ಟ್ರದ ಪದ್ಧತಿಯಲ್ಲೋ ತನ್ನ ಹೆಸರು, ಅಪ್ಪನ ಹೆಸರು, ಅಪ್ಪನ ಆಡನಾವ್ (ಸರ್‌ನೇಮ್) ಎಂಬ ಕ್ರಮ. ಥಾಣೆಯ ಶಾಲೆಯಲ್ಲಿ ಹೆಸರು ಬರೆಸುವಾಗ ಗುಮಾಸ್ತರು ಈ ಅಚ್ಚಿಗೆ ಹಾಕಿ ಬರೆದರೆ, ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪಾನ್ ಕಾರ್ಡಿನಲ್ಲಿ ಮತ್ತೊಂದು. ಮದುವೆಯಾದ ಹೆಣ್ಣುಮಕ್ಕಳಿಗೆ ನಾಲ್ಕನೆಯದೂ ಇರುತ್ತದೆ. ಇವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡುವುದೇ ಪ್ರವಾಸದ ಮೊದಲ ದಿನದ ಕೆಲಸ. ಸರಿಪಡಿಸಬೇಕಾದರೆ ಪಾಸ್‌ಪೋರ್ಟ್ ರೀ-ಇಶ್ಯೂಗೆ ಅರ್ಜಿ ಹಾಕಬೇಕು. ದೊಡ್ಡವರಿಗೆ ಹತ್ತು ವರ್ಷ ನಡೆಯುವ 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ. ತತ್ಕಾಲ್ ಆದರೆ ಮೇಲೆ 2,000. ನಾನು ಥಾಣೆಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಬೆಳಗಿನ ಸಮಯ ಪಡೆದು ಹೋಗಿದ್ದೆ. ಬಾಡಿಗೆ ಮನೆಯವರು ನೋಂದಣಿಯಾದ ಲೀವ್ ಅಂಡ್ ಲೈಸೆನ್ಸ್ ಪತ್ರ ಜೊತೆಗಿಟ್ಟುಕೊಳ್ಳಿ. ಪೊಲೀಸ್ ಪರಿಶೀಲನೆ ನಡೆಯುವುದು ಅರ್ಜಿಯಲ್ಲಿ ಬರೆದ ವಿಳಾಸದಲ್ಲಿ. ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸುವವರು ಇಲ್ಲೇ ಎಡವುತ್ತಾರೆ.

ಪಾಸ್‌ಪೋರ್ಟಿನ ಫೋಟೋ ಪುಟದ ಅಡಿಯಲ್ಲಿ ಬಾಣದ ತಲೆಯಂಥ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆ. ಒಂದೊಂದರಲ್ಲೂ 44 ಅಕ್ಷರಸ್ಥಾನಗಳು. ಗಡಿಯ ಯಂತ್ರ ಓದುವುದು ಅವನ್ನೇ. ವೀಸಾ ಅರ್ಜಿಯಲ್ಲಿ, ವಿಮಾನದ ಟಿಕೆಟ್ಟಿನಲ್ಲಿ ಹೆಸರು ಬರೆಯುವಾಗ ಮನೆಯಲ್ಲಿ ಕರೆಯುವ ಹೆಸರು, ಬ್ಯಾಂಕಿನ ಹೆಸರು ಎಲ್ಲ ಮರೆತು ಆ ಸಾಲಿನಲ್ಲಿರುವುದನ್ನೇ ಇಳಿಸಿ. ಇನ್ನೊಂದು ಮಾತು: ಪ್ರವಾಸ ಮುಗಿಯುವ ದಿನದಿಂದ ಮುಂದಕ್ಕೆ ಆರು ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಲಿ, ಎರಡು ಖಾಲಿ ಪುಟವಾದರೂ ಉಳಿದಿರಲಿ. ಹಲವು ದೇಶಗಳು ಇದಿಲ್ಲದೆ ಒಳಗೆ ಬಿಡುವುದಿಲ್ಲ, ವಿಮಾನದವರು ಇಲ್ಲೇ ತಡೆಯುತ್ತಾರೆ.

ವೀಸಾ ಅರ್ಜಿ ನೀವೇ ತುಂಬಿ

ವಿಯೆಟ್ನಾಂ 2023ರ ಆಗಸ್ಟ್ 15ರಿಂದ ಇ-ವೀಸಾವನ್ನು 90 ದಿನಕ್ಕೆ ಹೆಚ್ಚಿಸಿತು. ಒಂದು ಸಲದ ಪ್ರವೇಶಕ್ಕೆ 25 ಡಾಲರ್. ನಾವು ನಾಲ್ವರೂ ಒಂದು ಭಾನುವಾರ ನಮ್ಮ ಮನೆಯ ಊಟದ ಮೇಜಿನ ಸುತ್ತ ಕೂತು ಅರ್ಜಿ ತುಂಬಿದೆವು. ಸರ್‌ನೇಮ್ ಕಾಲಂ ಬಂದಾಗ ಥಾಣೆಯ ಗೆಳತಿ ಅಭ್ಯಾಸಬಲದಿಂದ ಗಂಡನ ಆಡನಾವ್ ಬರೆದುಬಿಟ್ಟಳು. ಅದು ಅವಳ ಪಾಸ್‌ಪೋರ್ಟಿನಲ್ಲಿ ಇರಲಿಲ್ಲ. ಹಣ ಕಟ್ಟಿದ ಮೇಲೆ ಗಮನಕ್ಕೆ ಬಂತು. ಕಟ್ಟಿದ ಶುಲ್ಕ ವಾಪಸಿಲ್ಲ, ಹೊಸ ಅರ್ಜಿ, ಮತ್ತೆ 25 ಡಾಲರ್. ಅವತ್ತಿನಿಂದ ನಾವು ಒಂದು ನಿಯಮ ಮಾಡಿಕೊಂಡೆವು: ಒಬ್ಬಳು ತುಂಬುವುದು, ಇನ್ನೊಬ್ಬಳು ಪಾಸ್‌ಪೋರ್ಟ್ ಹಿಡಿದು ಗಟ್ಟಿಯಾಗಿ ಓದಿ ತಾಳೆ ನೋಡುವುದು, ಆಮೇಲಷ್ಟೇ ಹಣ.

ಹುಡುಕಾಟದಲ್ಲಿ ಮೇಲೆ ಕಾಣುವ ವೀಸಾ ತಾಣಗಳಲ್ಲಿ ಹೆಚ್ಚಿನವು ಸರ್ಕಾರದವಲ್ಲ, ದಲ್ಲಾಳಿಗಳವು. ಶುಲ್ಕ ದುಪ್ಪಟ್ಟು ಮಾತ್ರವಲ್ಲ, ನಿಮ್ಮ ಪಾಸ್‌ಪೋರ್ಟಿನ ಪ್ರತಿ ಯಾರದೋ ಕೈಗೆ ಹೋಗುತ್ತದೆ. ಆಯಾ ದೇಶದ ರಾಯಭಾರ ಕಚೇರಿಯ ತಾಣಕ್ಕೆ ಹೋಗಿ ಅಲ್ಲಿ ಕೊಟ್ಟ ಕೊಂಡಿಯಿಂದಲೇ ಅರ್ಜಿ ತೆರೆಯಿರಿ. ವೀಸಾ ಬೇಡದ ದೇಶಗಳಿಗೂ ಈಗ ಮುಂಚಿತವಾಗಿ ತುಂಬುವ ಕಾಗದ ಇರುತ್ತದೆ. ಥಾಯ್ಲೆಂಡಿನಲ್ಲಿ 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರ ಕಡ್ಡಾಯ, ತಲುಪುವ ಮೂರು ದಿನದೊಳಗೆ ತುಂಬಬೇಕು, ಶುಲ್ಕವಿಲ್ಲ. ನಿಯಮಗಳು ಬದಲಾಗುತ್ತಲೇ ಇರುವುದರಿಂದ ಟಿಕೆಟ್ ಕೊಳ್ಳುವ ಮುನ್ನ ಒಮ್ಮೆ, ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಯುರೋಪಿನ ಷೆಂಗೆನ್ ವೀಸಾ ಬೇರೆಯದೇ ದರ್ಜೆಯ ಪರೀಕ್ಷೆ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೇ ಬೇಕು. ಹೊರಡುವ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ, ಹದಿನೈದು ದಿನಕ್ಕಿಂತ ತಡವಾಗಿಯೂ ಹಾಕುವಂತಿಲ್ಲ. ಯಾವ ದೇಶದಲ್ಲಿ ಹೆಚ್ಚು ರಾತ್ರಿ ತಂಗುತ್ತೀರೋ ಆ ದೇಶಕ್ಕೇ ಅರ್ಜಿ. ಒಳ್ಳೆಯ ಸುದ್ದಿಯೆಂದರೆ, 2024ರ ಏಪ್ರಿಲ್‌ನಲ್ಲಿ ಭಾರತೀಯರಿಗಾಗಿ ಬಂದ ನಿಯಮದಂತೆ, ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ ಸಿಗುವ ಅವಕಾಶವಿದೆ.

ಮೊದಲ ಸಲ ಹೊರಡುವವರಿಗೆ ನಾನು ಹೇಳುವುದು ನೇಪಾಳ. ವೀಸಾ ಇಲ್ಲ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಆಧಾರ್ ಒಂದನ್ನೇ ನಂಬಿ ಹೋಗಬೇಡಿ, ಅದು ಹದಿನೈದರ ಒಳಗಿನವರಿಗೆ, ಅರವತ್ತೈದು ದಾಟಿದವರಿಗೆ ಮಾತ್ರ ನಡೆಯುತ್ತದೆ. ಇಮಿಗ್ರೇಷನ್ ಸಾಲು, ಬೇರೆ ನೋಟು ಎರಡರ ರೂಢಿಯೂ ಅಲ್ಲಿ ಆಗುತ್ತದೆ, ಹಿಂದಿಯೂ ನಡೆಯುತ್ತದೆ.

ಚೀಲದಲ್ಲಿ ಹೋಗಬಾರದ ಕೊಬ್ಬರಿ

ತಿಪಟೂರಿನವರು ಬರಿಗೈಯಲ್ಲಿ ಯಾರ ಮನೆಗೂ ಹೋಗುವುದಿಲ್ಲ. ವಿಯೆಟ್ನಾಂ ಪ್ರವಾಸಕ್ಕೂ ಮುಂಚೆ ಒಮ್ಮೆ ತಮ್ಮನ ಮಗನ ಮನೆಗೆಂದು ದುಬೈಗೆ ಹೊರಟಾಗ ಕೊಬ್ಬರಿ ಗಿಟುಕು, ಸಾಗಿನ ಪುಡಿ, ಒಂದು ಪೊಟ್ಟಣ ಗಸಗಸೆ ಕಟ್ಟಿಕೊಂಡಿದ್ದೆ. ಮುಂಬಯಿ ನಿಲ್ದಾಣದಲ್ಲಿ ನನ್ನ ಚೀಲವನ್ನು ಬದಿಗೆ ತೆಗೆದು ನನ್ನನ್ನು ಕರೆಸಿದರು. ಒಣಕೊಬ್ಬರಿ ವಿಮಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಅದರ ಎಣ್ಣೆ ಗಾಳಿಯೊಂದಿಗೆ ಸೇರಿ ತಾನೇ ಕಾವು ಏರಿ ಹೊತ್ತಿಕೊಳ್ಳಬಲ್ಲದು ಎಂದು ಅಲ್ಲಿದ್ದ ಹುಡುಗಿ ತಾಳ್ಮೆಯಿಂದ ವಿವರಿಸಿದಳು. ಹಬ್ಬಕ್ಕೆ, ಬಾಗಿನಕ್ಕೆ ಹುಟ್ಟಿದಾಗಿನಿಂದ ಕೈಯಲ್ಲಿ ಹಿಡಿದ ಗಿಟುಕು ಬೆಂಕಿಯ ವಸ್ತು ಎಂದು ನನಗೆ ತಿಳಿದದ್ದು ಅವತ್ತು. ಗಸಗಸೆಯ ಪೊಟ್ಟಣ ನೋಡಿದ್ದು ಹಿಂದೆ ನಿಂತಿದ್ದ ಪ್ರಯಾಣಿಕರೊಬ್ಬರು. "ತಾಯಿ, ಇದನ್ನು ಇಲ್ಲೇ ಬಿಡಿ. ದುಬೈಯಲ್ಲಿ ಇದು ಮಾದಕ ವಸ್ತುವಿನ ಲೆಕ್ಕ" ಎಂದರು. ಅಫೀಮಿನ ಗಿಡದ ಬೀಜವಾದ್ದರಿಂದ ಯುಎಇಯಲ್ಲಿ ಗಸಗಸೆ ನಿಷಿದ್ಧ. ಸಿಂಗಪುರದಲ್ಲೂ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ನಾವು ಪಾಯಸ ಮಾಡುವ ಕಾಳಿಗಾಗಿ ಪರದೇಶದ ಠಾಣೆಯಲ್ಲಿ ಕೂರಬೇಕಾದ ಸ್ಥಿತಿ ಯಾರಿಗೂ ಬರಬಾರದು. ಗಸಗಸೆ ಬೆರೆತ ಮಸಾಲೆ ಪುಡಿಗೂ ಇದೇ ಎಚ್ಚರ ಬೇಕು.

ಉಪ್ಪಿನಕಾಯಿ ಕೈಚೀಲದಲ್ಲಿ ಹೋಗುವುದಿಲ್ಲ, ಅದು ದ್ರವದ ಲೆಕ್ಕ, ನೂರು ಮಿಲಿಲೀಟರ್‌ಗೆ ಮಿತಿ. ಪವರ್ ಬ್ಯಾಂಕ್ ತದ್ವಿರುದ್ಧ, ಅದು ಕೈಚೀಲದಲ್ಲೇ ಇರಬೇಕು, ಒಳಗೆ ಹಾಕುವ ಚೀಲಕ್ಕೆ ಸಲ್ಲದು. ಬಿಪಿ, ಶುಗರ್ ಮಾತ್ರೆಗಳನ್ನು ಮೂಲ ಪಟ್ಟಿಯಲ್ಲೇ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಡಿ. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಲಿ. ವಿಮೆ ಕೊಳ್ಳುವಾಗ ಈ ಕಾಯಿಲೆಗಳನ್ನು ಮುಚ್ಚಿಡಬೇಡಿ. ಕಂತು ಸ್ವಲ್ಪ ಹೆಚ್ಚಾದರೂ ಆಸ್ಪತ್ರೆಯ ಬಿಲ್ ಬಂದಾಗ ಕೈಹಿಡಿಯುವುದು ಆ ಸತ್ಯವೇ. ಆಫ್ರಿಕಾದ ಕೆನ್ಯಾದಂಥ ದೇಶಗಳಿಗೆ ಹೋಗುವವರು ಹತ್ತು ದಿನ ಮುಂಚೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಬೇಕು. ಆ ಪತ್ರವಿಲ್ಲದೆ ಮರಳಿದರೆ ಭಾರತದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಎರಡು ನೀಲಿ ನೋಟು

ಹನೋಯ್‌ನಲ್ಲಿ ಮೊದಲ ಬೆಳಿಗ್ಗೆ ಹೊವಾನ್ ಕಿಯೆಮ್ ಸರೋವರದ ದಂಡೆಯಲ್ಲಿ, ಹೆಗಲ ಮೇಲೆ ಬಿದಿರಿನ ಅಡ್ಡೆ ಹೊತ್ತು ಬಂದ ಹೆಂಗಸಿನಿಂದ ಪೇರಳೆ ಕೊಂಡೆ. ಇಪ್ಪತ್ತು ಸಾವಿರ ಡಾಂಗ್ ಎಂದಳು. ನಮ್ಮ ಎಪ್ಪತ್ತು ರೂಪಾಯಿಯ ಆಸುಪಾಸು. ನೀಲಿ ನೋಟು ಕೊಟ್ಟು ಮುಂದೆ ಹೋದೆ. ಐವತ್ತು ಹೆಜ್ಜೆ ನಡೆದಿರಬೇಕು, ಹಿಂದಿನಿಂದ ಓಡಿ ಬಂದು ತೋಳು ಹಿಡಿದಳು. ನಾನು ಕೊಟ್ಟದ್ದು ಐದು ಲಕ್ಷದ ನೋಟು, ಹತ್ತಿರ ಹತ್ತಿರ ಸಾವಿರದ ಏಳುನೂರು ರೂಪಾಯಿ. ಎರಡೂ ನೀಲಿ, ಎರಡರಲ್ಲೂ ಹೊ ಚಿ ಮಿನ್ ಮುಖ, ಎರಡೂ ಪ್ಲಾಸ್ಟಿಕ್ಕಿನಂತೆ ನುಣುಪು. ಅವಳು ಎರಡು ನೋಟುಗಳನ್ನೂ ಪಕ್ಕಪಕ್ಕ ಹಿಡಿದು, ಸೊನ್ನೆಗಳ ಮೇಲೆ ಬೆರಳಿಟ್ಟು ಎಣಿಸಿ ತೋರಿಸಿದಳು, ಮಗುವಿಗೆ ಮಗ್ಗಿ ಕಲಿಸುವ ಹಾಗೆ. ಅವತ್ತು ಸಂಜೆಯೇ ನಾವು ಐದು ಲಕ್ಷದ ನೋಟುಗಳನ್ನು ಬೇರೆ ಪರ್ಸಿಗೆ ಹಾಕಿದೆವು. ಯಾವುದೇ ದೇಶಕ್ಕೆ ಹೋದರೂ ಮೊದಲ ರಾತ್ರಿ ಹತ್ತು ನಿಮಿಷ ಕೂತು ನೋಟುಗಳ ಬಣ್ಣ, ಬೆಲೆ ಅಭ್ಯಾಸ ಮಾಡಿ.

ದುಡ್ಡನ್ನು ಮೂರು ಕಡೆ ಇಡಬೇಕು: ಸ್ವಲ್ಪ ನಗದು, ಎರಡು ಬೇರೆ ಬ್ಯಾಂಕುಗಳ ಕಾರ್ಡು, ಮತ್ತು ಕೈಯೇ ಹಾಕದ ಒಂದಿಷ್ಟು ಡಾಲರ್. ಒಂದು ಪ್ರವಾಸಕ್ಕೆ ನಗದಾಗಿ 3,000 ಡಾಲರ್‌ವರೆಗೆ ಒಯ್ಯಬಹುದು. ನಮ್ಮ ರೂಪಾಯಿಯಾದರೆ 25,000ಕ್ಕೆ ಮಿತಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆ ಮುಚ್ಚಿರುತ್ತದೆ, ಹೊರಡುವ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆಯಬೇಕು. ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕಟ್ಟುವಿರಾ, ಸ್ಥಳೀಯ ನಾಣ್ಯದಲ್ಲಿ ಕಟ್ಟುವಿರಾ" ಎಂದು ಕೇಳಿದರೆ ಯಾವಾಗಲೂ ಸ್ಥಳೀಯ ನಾಣ್ಯ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯದ ದರವನ್ನು ಯಂತ್ರದವರೇ ತಮಗೆ ಲಾಭವಾಗುವಂತೆ ಹಾಕುತ್ತಾರೆ. ನೇಪಾಳ, ಭೂತಾನ್, ಶ್ರೀಲಂಕಾ, ಮಾರಿಷಸ್, ಸಿಂಗಪುರ, ಯುಎಇಗಳಲ್ಲಿ ಅನೇಕ ಕಡೆ ಯುಪಿಐ ನಡೆಯುತ್ತದೆ. ಆದರೂ ಅದೊಂದನ್ನೇ ನೆಚ್ಚಬಾರದು. ಬ್ಯಾಂಕಿನ ಒಟಿಪಿ ಬರುವುದು ಊರಿನ ಸಿಮ್‌ಗೆ. ಅದನ್ನು ರೋಮಿಂಗ್‌ನಲ್ಲಿ ಜೀವಂತವಾಗಿಡಿ, ಅದರ ಡೇಟಾ ಮಾತ್ರ ನಿಲ್ಲಿಸಿ, ಇಂಟರ್ನೆಟ್ಟಿಗೆ ಅಲ್ಲಿಯ ಸಿಮ್ ಬಳಸಿ.

ಪಾಸ್‌ಪೋರ್ಟ್ ಕಳೆದರೆ ಲೋಕ ಮುಳುಗುವುದಿಲ್ಲ. ಅಲ್ಲಿಯ ಪೊಲೀಸರಲ್ಲಿ ದೂರು ಬರೆಸಿ ಅದರ ಪ್ರತಿಯೊಂದಿಗೆ ಭಾರತೀಯ ರಾಯಭಾರ ಕಚೇರಿಗೆ ಹೋದರೆ ಊರಿಗೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಪಾಸ್‌ಪೋರ್ಟಿನ ಪ್ರತಿ, ಎರಡು ಫೋಟೋ ಬೇರೆ ಚೀಲದಲ್ಲಿದ್ದರೆ ಆ ಕೆಲಸ ಬೇಗ ಆಗುತ್ತದೆ. ನಾವು ನಾಲ್ವರೂ ಒಬ್ಬರ ಪ್ರತಿಗಳನ್ನು ಇನ್ನೊಬ್ಬರ ಚೀಲದಲ್ಲಿ ಇಟ್ಟುಕೊಂಡಿದ್ದೆವು.

ಡೊಂಬಿವಲಿಯಿಂದ ವಿಮಾನದವರೆಗೆ

ನಮ್ಮ ಉಪನಗರದವರ ಪ್ರವಾಸದಲ್ಲಿ ಅತ್ಯಂತ ಅನಿಶ್ಚಿತವಾದ ದಾರಿ ಮನೆಯಿಂದ ವಿಮಾನ ನಿಲ್ದಾಣದವರೆಗಿನದು. ಹಗಲಿನ ವಿಮಾನವಾದರೆ, ಸಾಮಾನು ಕಡಿಮೆಯಿದ್ದರೆ, ಲೋಕಲ್‌ನಲ್ಲಿ ಘಾಟ್‌ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಮರೋಳ್ ನಾಕಾ, ಅಲ್ಲಿ ಗಾಡಿ ಬದಲಿಸಿದರೆ ಮುಂದಿನ ನಿಲ್ದಾಣವೇ ಟರ್ಮಿನಲ್ 2. ಆದರೆ ವಿದೇಶದ ವಿಮಾನಗಳಲ್ಲಿ ಬಹುಪಾಲು ಹೊರಡುವುದು ನಡುರಾತ್ರಿ, ಬೆಳಗಿನ ಜಾವ. ಭಾನುವಾರವಾದರೆ ಹಳಿ ದುರಸ್ತಿಗೆ ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ನೋಡಿಕೊಳ್ಳಬೇಕು. ಮಳೆಗಾಲದಲ್ಲಂತೂ ಜಾಗ್ರತೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ರಾತ್ರಿಯನ್ನು ಕಚೇರಿಯ ಮೇಜಿನ ಮೇಲೆ ಕಳೆದವಳು ನಾನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಮಾನವಿದ್ದರೆ ಕನಿಷ್ಠ ಆರು ತಾಸು ಮುಂಚೆ ಮನೆ ಬಿಡುತ್ತೇನೆ.

ಈಗ ಇನ್ನೊಂದು ಎಚ್ಚರ ಸೇರಿಕೊಂಡಿದೆ. ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗಿ ಡಿಸೆಂಬರ್ 25ರಿಂದ ವಿಮಾನಗಳು ಹಾರತೊಡಗಿವೆ. ಪನ್ವೇಲ್, ಖಾರ್ಘರ್, ವಾಶಿಯವರಿಗೆ ಇದು ಮನೆಬಾಗಿಲಿಗೆ ಬಂದ ಅನುಕೂಲ. ಆದರೆ ಟಿಕೆಟ್ಟಿನಲ್ಲಿ 'ಮುಂಬಯಿ' ಎಂದಷ್ಟೇ ಓದಿ ಹೊರಡಬೇಡಿ. ಹಳೆಯದರ ಸಂಕೇತ ಬಿಒಎಂ, ಹೊಸದರದ್ದು ಎನ್‌ಎಂಐ. ಎರಡರ ನಡುವೆ ಇಡೀ ಖಾಡಿಯಿದೆ.

ಮುಂಬಯಿಯ ಹಳೆಯ ವಿಮಾನ ನಿಲ್ದಾಣದಲ್ಲಿ 2025ರ ಜನವರಿಯಿಂದ ವಿಶ್ವಾಸಾರ್ಹ ಪ್ರಯಾಣಿಕರ ಯೋಜನೆ ಬಂದಿದೆ. ಒಮ್ಮೆ ಅರ್ಜಿ ಹಾಕಿ ಬೆರಳಚ್ಚು, ಫೋಟೋ ಕೊಟ್ಟರೆ ಇಮಿಗ್ರೇಷನ್ ಸಾಲು ತಪ್ಪಿಸಿ ಇ-ಗೇಟ್ ಮೂಲಕ ಹೋಗಬಹುದು. ಶುಲ್ಕವಿಲ್ಲ. ಹೆಚ್ಚು ಹೊತ್ತು ನಿಲ್ಲಲಾಗದ ಹಿರಿಯರು ಇದನ್ನು ಮಾಡಿಸಿಕೊಳ್ಳಲೇಬೇಕು.

ಹುಣ್ಣಿಮೆಯ ಊಟ, ಕಾಲಿನ ಹುಟ್ಟು

ಮುಂಬಯಿಯಿಂದ ಹನೋಯ್‌ಗೆ ನೇರ ವಿಮಾನದಲ್ಲಿ ಸುಮಾರು ಐದು ತಾಸು. ಮತ್ಸ್ಯಗಂಧಾದಲ್ಲಿ ರಾತ್ರಿಯಿಡೀ ಕೂತು ಮಂಗಳೂರಿಗೆ ಹೋಗುವವರಿಗೆ ಇದು ದೂರವೇ ಅಲ್ಲ. ನಮ್ಮ ಚಿಂತೆ ಇದ್ದದ್ದು ಊಟದ್ದು, ನಾಲ್ವರಲ್ಲಿ ಇಬ್ಬರು ಸಸ್ಯಾಹಾರಿಗಳು. ನಮಗೆ ಚಹಾ ಎಂದು ಕೇಳಿಸುವ 'ಚಾಯ್' ಎಂಬ ಪದ ಅಲ್ಲಿ ಸಸ್ಯಾಹಾರ. ಆ ಪದ ಬರೆದ ಫಲಕವಿರುವ ಊಟದ ಮನೆಯಲ್ಲಿ ಮೀನಿನ ರಸವೂ ಇರುವುದಿಲ್ಲ. ಬೇರೆ ಕಡೆಯಾದರೆ ತರಕಾರಿ ಪಲ್ಯಕ್ಕೂ ಮೀನಿನ ರಸ ಬೀಳುವುದುಂಟು, ಕೇಳಿಯೇ ತಿನ್ನಬೇಕು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಅಲ್ಲಿಯ ಅನೇಕ ಬೌದ್ಧರು ಮಾಂಸ ಮುಟ್ಟುವುದಿಲ್ಲ. ನಾವಿದ್ದಾಗ ಒಂದು ಹುಣ್ಣಿಮೆ ಬಂತು, ನಮ್ಮಲ್ಲಿ ಹೋಳಿ ಸುಡುವ ದಿನ. ಗುಡಿಯ ಹೊರಗೆ ಹೂವು, ಊದುಬತ್ತಿ, ಹಣ್ಣಿನ ತಟ್ಟೆ ಹಿಡಿದ ಹೆಂಗಸರ ಸಾಲು. ಒಬ್ಬ ಅಜ್ಜಿ ನಮ್ಮನ್ನು ಕೈಸನ್ನೆಯಲ್ಲಿ ಕರೆದು ಪಕ್ಕದ ಬೆಂಚಿನಲ್ಲಿ ಕೂರಿಸಿದಳು, ತನ್ನ ಎದುರಿದ್ದ ತೋಫು ಮತ್ತು ಅಣಬೆಯ ಬಟ್ಟಲನ್ನು ತೋರಿಸಿ ಅದನ್ನೇ ನಮಗೂ ತರಿಸಿದಳು. ಅವಳಿಗೂ ನಮಗೂ ನಡುವೆ ಒಂದು ಪದವೂ ಸಮಾನವಾಗಿರಲಿಲ್ಲ. ಅನುವಾದದ ಆ್ಯಪ್ ಚೀಲದಲ್ಲೇ ಉಳಿಯಿತು.

ಹನೋಯ್‌ನಿಂದ ನಿನ್ ಬಿನ್ ಎಂಬ ಊರಿಗೆ ನಾವು ರೈಲಿನಲ್ಲಿ ಹೋದೆವು. ಹನೋಯ್ ನಿಲ್ದಾಣದಲ್ಲಿ ಫಲಕದ ಮುಂದೆ ನಿಂತಾಗ ಲಿಪಿಯ ಗುರುತುಗಳು ಅರ್ಥವಾಗಲಿಲ್ಲ. ಆದರೆ ಗಾಡಿಯ ಸಂಖ್ಯೆ, ಹೊತ್ತು, ಪ್ಲಾಟ್‌ಫಾರ್ಮ್, ಬೋಗಿ ಎಂಬ ನಾಲ್ಕು ಕಾಲಂಗಳು ನಮಗೆ ತಾಯಿಭಾಷೆಯಷ್ಟೇ ಪರಿಚಿತ. ಕಲ್ಯಾಣದ ಗೆಳತಿ ಅರೆಕ್ಷಣದಲ್ಲಿ ಓದಿ "ನಡೀರಿ" ಎಂದಳು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಥಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣ ತಲುಪಿತು. ಇಷ್ಟು ಹಳೆಯ ರೈಲು ದಾರಿಯ ಮೇಲೆ ಬದುಕು ಕಳೆದವರು ನಾವು. ಜಗತ್ತಿನ ಯಾವ ನಿಲ್ದಾಣದಲ್ಲೂ ನಾವು ಪೂರ್ತಿ ಹೊಸಬರಾಗುವುದಿಲ್ಲ ಎಂದು ನನಗೆ ಅನಿಸಿದ್ದು ಆ ಫಲಕದ ಮುಂದೆ.

ನಿನ್ ಬಿನ್ ಹತ್ತಿರದ ತಾಮ್ ಕೋಕ್‌ನಲ್ಲಿ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಹೊಳೆ ಹರಿಯುತ್ತದೆ, ಎರಡೂ ಬದಿ ಭತ್ತದ ಗದ್ದೆ. ದೋಣಿ ನಡೆಸುವವರಲ್ಲಿ ಹೆಂಗಸರೇ ಬಹಳ. ಅವರು ಹುಟ್ಟು ಹಾಕುವುದು ಕಾಲಿನಿಂದ. ಹಿಂದಕ್ಕೆ ಒರಗಿ ಕೂತು ಎರಡು ಪಾದಗಳಲ್ಲಿ ಹುಟ್ಟು ಹಿಡಿದು ಸೈಕಲ್ ತುಳಿದಂತೆ ತುಳಿಯುತ್ತಾರೆ. ನಮ್ಮ ದೋಣಿಯಾಕೆ ಕಾಲಲ್ಲಿ ಹುಟ್ಟು ನಡೆಸುತ್ತಲೇ ಕೈಯಲ್ಲಿ ಕಿತ್ತಲೆ ಸುಲಿದು ತೊಳೆಗಳನ್ನು ನಮಗೆ ದಾಟಿಸಿದಳು. ಬಿಡುವಾದ ಕೈಗೆ ಒಂದು ಕೆಲಸ. ನಮ್ಮ ನಾಲ್ವರ ಕಣ್ಣೂ ಒಟ್ಟಿಗೆ ತುಂಬಿಬಂತು. ಅವಳಲ್ಲಿ ನಾವು ಕಂಡದ್ದು ನಮ್ಮ ಡಬ್ಬವನ್ನೇ, ಸಂಜೆಯ ಮೆಂತ್ಯ ಸೊಪ್ಪನ್ನೇ. ಇನ್ನೊಂದು ಸುತ್ತು ಹೋಗೋಣವೇ ಎಂದು ಯಾರೋ ಕೇಳಿದರು. ಹೋದೆವು. ಕೆಳಗಿಳಿಯಿರಿ ಎಂದು ಸೀಟಿ ಊದುವವರು ಯಾರೂ ಇರಲಿಲ್ಲ.

ಸಂಘಗಳಿಗೊಂದು ಬಿನ್ನಹ

ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ನೇಮಿಚಂದ್ರ ಅವರ ಪ್ರವಾಸ ಕಥನ 'ಪೆರುವಿನ ಪವಿತ್ರ ಕಣಿವೆಯಲ್ಲಿ' ನಮ್ಮ ಗುಂಪಿನಲ್ಲಿ ಕೈಯಿಂದ ಕೈಗೆ ಓಡಾಡಿದ ಪುಸ್ತಕ. ಓದುವ ಆಸೆ ನಮ್ಮವರಲ್ಲಿ ಮೊದಲಿನಿಂದಲೂ ಇದೆ. ಇಲ್ಲದ್ದು ಪಕ್ಕದಲ್ಲಿ ಕೂತು ಅರ್ಜಿ ತುಂಬಿಸುವವರು. ಡೊಂಬಿವಲಿ ಕರ್ನಾಟಕ ಸಂಘವಿದೆ, ವಾಶಿಯಲ್ಲಿ ನವಿ ಮುಂಬಯಿ ಕನ್ನಡ ಸಂಘವಿದೆ, ಊರೂರಿಗೆ ಇನ್ನೂ ಎಷ್ಟೋ ಇವೆ. ಯಕ್ಷಗಾನಕ್ಕೆ, ಅರಿಸಿನ ಕುಂಕುಮಕ್ಕೆ ಸೇರುವ ಅದೇ ಸಭಾಂಗಣದಲ್ಲಿ ತಿಂಗಳಿಗೊಂದು ಭಾನುವಾರ ಎರಡು ಗಂಟೆ ಪಾಸ್‌ಪೋರ್ಟ್ ಮೇಜು ಹಾಕಿದರೆ ಸಾಕು. ಹೋಗಿಬಂದವರು ಹೋಗುವವರಿಗೆ ಹೇಳಿಕೊಡಲಿ. ಹೆಸರು ತಾಳೆ ನೋಡಲಿ, ಸರ್ಕಾರಿ ತಾಣ ಯಾವುದೆಂದು ತೋರಿಸಲಿ. ಗಂಡನಿಲ್ಲದ, ಮಕ್ಕಳು ದೂರವಿರುವ, ಪಿಂಚಣಿ ಕೈಯಲ್ಲಿರುವ ಎಷ್ಟೋ ಹೆಂಗಸರು ನಮ್ಮ ಸೊಸೈಟಿಗಳಲ್ಲಿದ್ದಾರೆ. ಅವರಿಗೆ ಹಣದ ಕೊರತೆಯಿಲ್ಲ, ಪಕ್ಕದಲ್ಲಿ ಕೂರುವವರ ಕೊರತೆ.

ನಿವೃತ್ತಿಯಾದರೂ ಕೆಲವೊಮ್ಮೆ ಆ ಸಂಜೆಯ ಗಾಡಿಯಲ್ಲಿ ಬರುತ್ತೇನೆ. ಮೊನ್ನೆ ಘಾಟ್‌ಕೋಪರ್ ದಾಟಿದ ಮೇಲೆ ಎದುರು ಸೀಟಿನ ಹೆಂಗಸು, ಹಾಸನದ ಕಡೆಯವಳು, ಅಂಜುತ್ತ ಕೇಳಿದಳು: "ಅಕ್ಕ, ನೀವೇ ಅಲ್ವಾ ವಿಯೆಟ್ನಾಮಿಗೆ ಹೋಗಿದ್ದು?" ಚೀಲದಿಂದ ಪಾಸ್‌ಪೋರ್ಟ್ ತೆಗೆದಳು. ಅವಳ ಸೊಪ್ಪಿನ ಕಟ್ಟನ್ನು ಪಕ್ಕದವಳು ತನ್ನ ಮಡಿಲಿಗೆ ಎಳೆದುಕೊಂಡು ಬಿಡಿಸತೊಡಗಿದಳು. ನಾನು ಪುಟ ತೆರೆದು ಮೊದಲು ಹೆಸರಿನ ಸಾಲು ನೋಡಿದೆ. ಸರ್‌ನೇಮ್ ಜಾಗ ಖಾಲಿ. ಥಾಣೆ ಬರುವಷ್ಟರಲ್ಲಿ ಅವಳ ಆಧಾರ್, ಪಾನ್ ಎರಡನ್ನೂ ಹೋಲಿಸಿ ಮುಗಿದಿತ್ತು. ಮುಂಬ್ರಾದ ಬೆಟ್ಟ ಹಿಂದೆ ಸರಿಯುವಾಗ ಬೇಕಾದ ಕಾಗದಗಳ ಪಟ್ಟಿಯನ್ನು ಸೊಪ್ಪಿನ ಪೇಪರಿನ ಅಂಚಿನಲ್ಲೇ ಬರೆದೆ. ಡೊಂಬಿವಲಿಯಲ್ಲಿ ಇಳಿಯುವಾಗ ಅವಳು ಆ ಅಂಚನ್ನು ಹರಿದು, ಮಡಿಸಿ, ಪಾಸ್‌ಪೋರ್ಟಿನ ಖಾಲಿ ಪುಟಗಳ ನಡುವೆ ಇಟ್ಟುಕೊಂಡಳು.